ಬೀಗಲ್ ಬೆಲ್ಟು ಕಳಚಿಕೊಂಡು ಓಡಿತು. ಈಗ ಕೆಲಸ ಬಿಟ್ಟು ನಾಯಿ ವಾಕಿಂಗ್‌ಗೆ ಇಳಿಯಲಾ?

ಪ್ರಶ್ನೆ: ನನಗೆ 29 ವರ್ಷ. ಆರು ವರ್ಷದಿಂದ ಕುರ್ಚಿಗೆ ಅಂಟಿಕೊಂಡೇ ಮಾಡುವ ಕೆಲಸ, ಸಾಕಾಗಿದೆ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ನಾಯಿ ಇದ್ದದ್ದೇ. ನಾಲ್ಕು ತಿಂಗಳಿಂದ ಪಕ್ಕದ ಮನೆಯ ಲ್ಯಾಬ್ರಡಾರನ್ನೂ ಮೇಲಿನ ಮಹಡಿಯವರ ಬೀಗಲನ್ನೂ ದಿನಾ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದೇನೆ, ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಇದನ್ನೇ ಪೂರ್ತಿ ಉದ್ಯೋಗ ಮಾಡಿಕೊಳ್ಳುವ ಆಸೆ. ದಿನಕ್ಕೆ 12 ನಾಯಿ, ತಲಾ ಅರ್ಧ ಗಂಟೆ ಎಂದರೂ ಆರು ಗಂಟೆಯಲ್ಲಿ ಮುಗಿಯುತ್ತದೆ. ನಾಲ್ಕೈದನ್ನು ಒಟ್ಟಿಗೆ ಹಿಡಿದರೆ ಇನ್ನೂ ಬೇಗ. ಆದರೆ ಹೋದ ವಾರ ಗೇಟಿನ ಹತ್ತಿರ ಸ್ಕೂಟರ್ ಸದ್ದಿಗೆ ಬೀಗಲ್ ಹೆದರಿ, ಹಿಂದಕ್ಕೆ ಜಗ್ಗಿ, ಕುತ್ತಿಗೆಯ ಬೆಲ್ಟಿನಿಂದ ತಲೆ ಕಳಚಿಕೊಂಡು ಓಡಿತು. ಹತ್ತು ನಿಮಿಷದಲ್ಲಿ ಸಿಕ್ಕಿತು, ಏನೂ ಆಗಲಿಲ್ಲ. ಅವರ ಮನೆಯಲ್ಲಿ ಇನ್ನೂ ಹೇಳಿಲ್ಲ. ನಾನೇ ಯಜಮಾನ ಅಂತ ನಾಯಿಗೆ ತೋರಿಸದಿದ್ದರೆ ಹೀಗೇ ಆಗುವುದು ಅನ್ನುತ್ತಾರೆ ಗೆಳೆಯರು. ಸರ್ಟಿಫಿಕೇಟ್ ಕೋರ್ಸ್ ಮಾಡಬೇಕಾ? ರಾಜೀನಾಮೆ ಕೊಡಲಾ?

ಉತ್ತರ: ನೀವು ಕೇಳಿರುವುದು ರಾಜೀನಾಮೆಯ ಬಗ್ಗೆ. ಆದರೆ ಪತ್ರದ ತುಂಬ ಇರುವುದು ಆ ಹತ್ತು ನಿಮಿಷ. ಅಲ್ಲಿಂದಲೇ ಶುರು ಮಾಡೋಣ, ಏಕೆಂದರೆ ಈ ವೃತ್ತಿಯಲ್ಲಿ ಜನ ನಿಮಗೆ ದುಡ್ಡು ಕೊಡುವುದು ನಾಯಿಯನ್ನು ನಡೆಸಿದ್ದಕ್ಕಲ್ಲ, ಹೋದ ಹಾಗೇ ವಾಪಸ್ ತಂದು ಬಿಟ್ಟದ್ದಕ್ಕೆ.

ಬೀಗಲ್ ಓಡಿದ್ದಕ್ಕೂ ಯಜಮಾನಿಕೆಗೂ ಸಂಬಂಧವಿಲ್ಲ. ಅದು ಬೆಲ್ಟಿನ ಅಳತೆಯ ತಪ್ಪು, ಜೊತೆಗೆ ನಿಮ್ಮ ಕೈ ಮಾಡಿದ ಒಂದು ತಪ್ಪು. ನಾಯಿ ಹೆದರಿದಾಗ ಎಷ್ಟೋ ಸಲ ಮುಂದಕ್ಕೆ ಓಡದೆ ನಿಮ್ಮ ಕಡೆ ಮುಖ ಮಾಡಿ, ತಲೆ ತಗ್ಗಿಸಿ, ಹಿಂದಕ್ಕೆ ಸರಿಯುತ್ತದೆ. ಆಗ ಯಾರಾದರೂ ಮಾಡುವುದು ಒಂದೇ: ಲೀಶ್ (ಬೆಲ್ಟಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಹಗ್ಗ) ಬಿಗಿ ಹಿಡಿದು ತಮ್ಮ ಕಡೆಗೆ ಎಳೆಯುವುದು. ಎಳೆದ ಕೂಡಲೇ ಬೆಲ್ಟು ಕಿವಿಯ ಹಿಂದಿನಿಂದ ಮುಂದಕ್ಕೆ ಜಾರುತ್ತದೆ, ಅಂಗಿ ಕಳಚಿದ ಹಾಗೆ. ಬೆಲ್ಟು ಕಳಚಿದ್ದು ನಾಯಿಯಲ್ಲ, ಎಳೆದ ಕೈ. ನಾಯಿ ಹಿಂದಕ್ಕೆ ಸರಿಯಲು ಶುರು ಮಾಡಿದ ಕ್ಷಣ ನೀವೂ ಅದರ ಕಡೆಗೆ ಎರಡು ಹೆಜ್ಜೆ ಹೋಗಬೇಕು, ಲೀಶ್ ಸಡಿಲವಾಗಬೇಕು. ಎಳೆತವಿಲ್ಲದಿದ್ದರೆ ಬೆಲ್ಟು ಜಾರುವುದಿಲ್ಲ. ಇದನ್ನು ಶಾಂತವಾಗಿರುವ ಲ್ಯಾಬ್ರಡಾರ್ ಜೊತೆ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ. ಗಾಬರಿಯಲ್ಲಿ ಕೈ ತನ್ನಷ್ಟಕ್ಕೆ ಎಳೆಯುತ್ತದೆ, ಕಾಲು ಮುಂದೆ ಹೋಗುವುದನ್ನು ರೂಢಿಸಿಕೊಳ್ಳಬೇಕು.

ಅಳತೆಯ ವಿಷಯ. ಬೆಲ್ಟಿನ ಒಳಗೆ ಎರಡು ಬೆರಳು ಚಪ್ಪಟೆಯಾಗಿ ಹೋಗಬೇಕು, ಮೂರನೆಯದು ಹೋಗಬಾರದು. ಸ್ನಾನವಾದ ಮೇಲೆ, ಕೂದಲು ಕತ್ತರಿಸಿದ ಮೇಲೆ, ಮರಿ ಬೆಳೆಯುವಾಗ ಈ ಲೆಕ್ಕ ಬದಲಾಗುತ್ತದೆ, ಹಾಗಾಗಿ ಪ್ರತಿದಿನ ನೋಡಬೇಕು. "ಮನೆಯವರು ಹಾಕಿಯೇ ಕಳಿಸಿದ್ದರು" ಎನ್ನುವುದು ಉತ್ತರವಲ್ಲ. ಹಾಕಿದ್ದು ಯಾರೇ ಆಗಲಿ, ಬಾಗಿಲು ದಾಟುವ ಮೊದಲು ನಿಮ್ಮ ಬೆರಳು ಒಮ್ಮೆ ಒಳಗೆ ಹೋಗಿ ಬರಲಿ. ಪ್ಲಾಸ್ಟಿಕ್ ಬಕಲ್ ಒಂದು ಕಡೆ ಮಾತ್ರ ಕಚ್ಚಿಕೊಂಡು ಎರಡೂ ಕಡೆ ಕೂತ ಹಾಗೆ ಕಾಣುವುದುಂಟು. ಹಾಕಿದ ಮೇಲೆ ಜೋರಾಗಿ ಒಮ್ಮೆ ಜಗ್ಗಿ ನೋಡಿ. ಲೀಶಿನ ಹುಕ್ಕಿನ ಸ್ಪ್ರಿಂಗ್‌ನಲ್ಲಿ ಮರಳು ಸೇರಿದರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ನೀರಲ್ಲಿ ತೊಳೆದು, ಒಣಗಿಸಿ, ಬೆರಳಲ್ಲಿ ಒತ್ತಿ ಬಿಟ್ಟು ನೋಡಿ.

ಹೆದರುಪುಕ್ಕ ನಾಯಿಗಳಿಗೆ, ತಲೆಗಿಂತ ಕುತ್ತಿಗೆ ದಪ್ಪವಿರುವ ನಾಯಿಗಳಿಗೆ ಸಾದಾ ಬೆಲ್ಟು ಸಾಲದು. ಮಾರ್ಟಿಂಗೇಲ್ ಎಂಬ ಬೆಲ್ಟು ಬರುತ್ತದೆ: ಎಳೆದಾಗ ಒಂದು ಮಿತಿಯವರೆಗೆ ಬಿಗಿಯಾಗಿ ನಿಲ್ಲುತ್ತದೆ, ಉಸಿರು ಕಟ್ಟುವಷ್ಟು ಆಗುವುದಿಲ್ಲ. ಎಳೆದಾಗ ಅದರ ಎರಡು ಉಂಗುರ ಒಂದಕ್ಕೊಂದು ತಾಗಿದರೆ ಅಳತೆ ಸಡಿಲ ಎಂದರ್ಥ, ಇನ್ನು ಬಿಗಿಯಾಗಲು ಜಾಗವೇ ಉಳಿದಿರುವುದಿಲ್ಲ. ಮನೆ ತಲುಪಿದ ಮೇಲೆ ಅದನ್ನು ತೆಗೆಯಬೇಕು, ಎಲ್ಲಿಗಾದರೂ ಸಿಕ್ಕಿಕೊಂಡರೆ ಅಪಾಯ. ಎದೆಯ ಮೇಲೆ ಇಂಗ್ಲಿಷಿನ ವೈ ಆಕಾರದಲ್ಲಿ ಪಟ್ಟಿ ಬರುವ ಹಾರ್ನೆಸ್ (ಕುತ್ತಿಗೆಗೆ ಬದಲು ಮೈಗೆ ತೊಡಿಸುವ ಪಟ್ಟಿ) ಭುಜದ ಚಲನೆಗೆ ಹೆಚ್ಚು ಅಡ್ಡ ಬರದಿರಲಿ ಎಂದು ಮಾಡಿದ್ದು. ಆದರೆ ಹಾರ್ನೆಸ್‌ನಿಂದ ತಪ್ಪಿಸಿಕೊಳ್ಳುವುದಿಲ್ಲ ಎನ್ನುವುದು ತಪ್ಪು ನಂಬಿಕೆ. ಹಿಂದಕ್ಕೆ ಸರಿದು ಮುಂಗಾಲು ಮಡಚಿ ಕಳಚಿಕೊಳ್ಳುವ ನಾಯಿಗಳಿವೆ. ಹೊಸ ನಾಯಿಗೆ ನಾನು ಹೇಳುವುದು ಎರಡು ಕೊಂಡಿ: ಒಂದು ಹಾರ್ನೆಸ್‌ಗೆ, ಇನ್ನೊಂದು ಬೆಲ್ಟಿಗೆ. ಎರಡೂ ತುದಿಗೆ ಹುಕ್ ಇರುವ ಲೀಶ್ ಸಿಗುತ್ತದೆ, ಇಲ್ಲದಿದ್ದರೆ ಒಂದು ಗೇಣುದ್ದದ ಜೋಡಣೆ ಪಟ್ಟಿ ಸಾಕು. ಒಂದು ಕಳಚಿದರೆ ಇನ್ನೊಂದು ಹಿಡಿದುಕೊಂಡಿರುತ್ತದೆ.

ಲೀಶ್ 1.5ರಿಂದ 1.8 ಮೀಟರ್ ಇರಲಿ. ಉದ್ದ ಹೆಚ್ಚಾದಷ್ಟೂ ನಾಯಿ ವೇಗ ಪಡೆದುಕೊಂಡು ತುದಿಯಲ್ಲಿ ಬಂದು ಹೊಡೆಯುತ್ತದೆ, ನಿಮ್ಮ ಭುಜಕ್ಕೂ ಅದರ ಕುತ್ತಿಗೆಗೂ ಏಟು. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಲೀಶನ್ನು ಮನೆಯವರು ಕೊಟ್ಟರೂ ಬಳಸಬೇಡಿ. ಅದರ ತೆಳು ದಾರ ಬೆರಳು ಕುಯ್ಯುತ್ತದೆ. ಅದಕ್ಕಿಂತ ಕೆಟ್ಟದ್ದು, ಕೈ ಜಾರಿದರೆ ಆ ಪ್ಲಾಸ್ಟಿಕ್ ಹಿಡಿಕೆ ಕಟಕಟ ಸದ್ದು ಮಾಡುತ್ತ ನಾಯಿಯ ಹಿಂದೆಯೇ ಬರುತ್ತದೆ. ಏನೋ ಅಟ್ಟಿಸಿಕೊಂಡು ಬರುತ್ತಿದೆ ಅಂತ ನಾಯಿ ನಿಲ್ಲದೆ ಓಡುತ್ತದೆ. ಲೀಶಿನ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಿ, ಉಳಿದದ್ದನ್ನು ಇನ್ನೊಂದು ಕೈಯಲ್ಲಿ ಮಡಿಕೆ ಮಾಡಿ ಹಿಡಿಯಿರಿ. ಮಣಿಕಟ್ಟಿಗೆ ಸುತ್ತಬೇಡಿ. ಮೂವತ್ತು ಕಿಲೋ ನಾಯಿ ಒಮ್ಮೆ ಎಗರಿದರೆ ಮೂಳೆ ಮುರಿಯಬಹುದು.

ಅನಾಹುತಗಳು ದಾರಿ ಮಧ್ಯೆ ಮಾತ್ರವಲ್ಲ, ಹೊಸ್ತಿಲಲ್ಲೂ ಆಗುತ್ತವೆ. ನಿಮ್ಮದೂ ಗೇಟಿನ ಹತ್ತಿರವೇ ಆಗಿದೆ, ನೋಡಿ. ಮುಂಬಾಗಿಲು ಮುಚ್ಚಿಕೊಂಡೇ ಲೀಶ್ ಹಾಕಬೇಕು, ಗೇಟು ತೆರೆಯುವ ಮೊದಲು ನಾಯಿ ನಿಂತಿರಬೇಕು, ವಾಪಸ್ ಬಂದಾಗ ಬಾಗಿಲು ಮುಚ್ಚಿದ ಮೇಲಷ್ಟೇ ಲೀಶ್ ಬಿಚ್ಚಬೇಕು. ಲಿಫ್ಟ್ ಇದ್ದರೆ ಇನ್ನೊಂದು ಎಚ್ಚರಿಕೆ: ನಾಯಿ ಒಳಗೆ, ನೀವು ಹೊರಗೆ, ನಡುವೆ ಬಾಗಿಲು ಮುಚ್ಚಿಕೊಂಡಿತು ಎಂದರೆ ಲೀಶ್ ನೇಣಾಗುತ್ತದೆ. ಲೀಶ್ ಗಿಡ್ಡ ಮಾಡಿ, ನಾಯಿ ಮೊಣಕಾಲಿಗೆ ತಾಗಿಕೊಂಡಿರುವಂತೆ ಒಟ್ಟಿಗೆ ಹೋಗಿ, ಒಟ್ಟಿಗೆ ಬನ್ನಿ.

ಇಷ್ಟೆಲ್ಲ ಮಾಡಿಯೂ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ. ನಾಯಿಯ ಓಟ ನಿಮ್ಮ ಓಟಕ್ಕಿಂತ ಜೋರು, ಜೊತೆಗೆ ಅಟ್ಟಿಸಿದಷ್ಟೂ ಓಡುತ್ತದೆ. ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ತಿಂಡಿ ಪೊಟ್ಟಣದ ಸದ್ದು ಮಾಡಿ, ಅಥವಾ ಅದಕ್ಕೆ ವಿರುದ್ಧ ದಿಕ್ಕಿಗೆ ನಡೆಯಿರಿ. ಕಣ್ಣಿಗೆ ಕಾಣದಂತಾದರೆ ಆ ಕ್ಷಣವೇ ಮನೆಯವರಿಗೆ ಫೋನ್ ಮಾಡಬೇಕು, "ಸಿಕ್ಕಿದ ಮೇಲೆ ಹೇಳೋಣ" ಎಂದಲ್ಲ. ಅವರ ದನಿಗೆ ಬರುವ ನಾಯಿ ನಿಮ್ಮ ದನಿಗೆ ಬಾರದೆ ಇರಬಹುದು.

ಯಜಮಾನಿಕೆ ಎಂಬ ಹಳೇ ಕತೆ

ನಾಯಿಗೆ ನಾಯಕನಾಗಬೇಕು ಎಂಬ ಮಾತಿನ ಮೂಲ ತೋಳದ ಅಧ್ಯಯನ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಪಂಜರದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಬಡಿದಾಡುತ್ತವೆ ಎಂದು ಬರೆದರು. ಆ ವಿಚಾರವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಅದನ್ನು ತಿದ್ದಿದರು: ಕಾಡಿನಲ್ಲಿ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ಒಂದು ಕುಟುಂಬ, ಮುಂದೆ ನಿಲ್ಲುವುದು ಅಪ್ಪ ಅಮ್ಮ, ಅಷ್ಟೇ. ನಾಯಿ ತೋಳವೂ ಅಲ್ಲ. ಆದರೂ ಈ ಕತೆ ಸಾಯುವುದಿಲ್ಲ. ಜಗ್ಗುವುದು, ಗದರುವುದು, ನೆಲಕ್ಕೆ ಒತ್ತುವುದು ಬೀಗಲ್‌ಗೆ ಕಲಿಸುವುದು ಒಂದನ್ನೇ: ಸ್ಕೂಟರ್ ಬಂದಾಗ ಪಕ್ಕದಲ್ಲಿರುವ ಮನುಷ್ಯನೂ ಅಪಾಯ.

ವಾಕಿಂಗ್‌ನವರಿಗೆ ಬೇಕಾದದ್ದು ಓದುವ ಕಣ್ಣು. ಬಾಲ ಅಲ್ಲಾಡಿತು ಎಂದರೆ ಖುಷಿಯೇ ಎಂದೇನಿಲ್ಲ. ಬಾಲ ಮೇಲೆತ್ತಿ ಬಿಗಿಯಾಗಿ, ಚಿಕ್ಕದಾಗಿ ಅಲುಗಿದರೆ ಅದು ಸೆಟೆದುಕೊಂಡಿದೆ. ತೆರೆದಿದ್ದ ಬಾಯಿ ಥಟ್ಟನೆ ಮುಚ್ಚಿಕೊಳ್ಳುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಕೆ, ಮುಖ ಆಚೆ ತಿರುಗಿದ್ದರೂ ಕಣ್ಣಿನ ಬಿಳಿ ಕಾಣುವಂತೆ ಓರೆ ನೋಟ, ಮತ್ತೆ ಒಂದು ಕ್ಷಣ ಇಡೀ ಮೈ ಕಲ್ಲಾಗುವುದು: ಗುರ್ ಎನ್ನುವ ಮೊದಲು ಬರುವ ಮಾತುಗಳಿವು. ಗುರ್ ಎಂದದ್ದಕ್ಕೆ ಹೊಡೆದರೆ ನಾಯಿ ಗುರ್ ಎನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಇನ್ನೊಂದು, ಹೆದರಿಕೆ ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ. ಮೊದಲು ಸ್ಕೂಟರ್, ಐದು ನಿಮಿಷಕ್ಕೆ ಗೇಟಿನೊಳಗಿಂದ ಬೊಗಳಿದ ನಾಯಿ, ಆಮೇಲೆ ಪ್ರೀತಿಯಿಂದ ತಲೆ ಸವರಲು ಬಂದ ಮಗು. ಕಚ್ಚಿಸಿಕೊಳ್ಳುವುದು ಮಗು. ಏನಾಯಿತೆಂದು ಯಾರಿಗೂ ಅರ್ಥವಾಗುವುದಿಲ್ಲ, "ಇದ್ದಕ್ಕಿದ್ದಂತೆ ಕಚ್ಚಿತು" ಎನ್ನುತ್ತಾರೆ. ಎರಡು ಸಲ ಬೆಚ್ಚಿದ ನಾಯಿಯನ್ನು ಅಂದು ಮತ್ತೆ ರಸ್ತೆಯಲ್ಲಿ ಅಡ್ಡಾಡಿಸದೆ, ನಿಶ್ಶಬ್ದವಾದ ಕಡೆ ಹತ್ತು ನಿಮಿಷ ಮೂಸಲು ಬಿಟ್ಟು ಮನೆಗೆ ಕರೆತನ್ನಿ. ಬೀಗಲ್ ಅಂತೂ ಮೂಗಿಗಾಗಿಯೇ ಬೆಳೆಸಿದ ತಳಿ. ಅದಕ್ಕೆ ಎರಡು ಕಿಲೋಮೀಟರ್ ದಾಪುಗಾಲಿಗಿಂತ ಒಂದು ಪೊದೆಯ ಸುತ್ತ ಹತ್ತು ನಿಮಿಷ ಹೆಚ್ಚು ತೃಪ್ತಿ.

ಹನ್ನೆರಡು ನಾಯಿಯ ಲೆಕ್ಕ

ಈ ಲೆಕ್ಕ ತಪ್ಪಿದೆ. ತಪ್ಪಿರುವುದು ಅರ್ಧ ಗಂಟೆಯಲ್ಲಿ. ಬೀಗ ತೆಗೆದು, ನಾಯಿಯನ್ನು ಸಮಾಧಾನ ಮಾಡಿ, ಹಾರ್ನೆಸ್ ಹಾಕಲು ಐದು ನಿಮಿಷ. ನಡಿಗೆ ಮೂವತ್ತು. ವಾಪಸ್ ಬಂದು ಪಾದ ಒರೆಸಿ, ನೀರಿಟ್ಟು, ಮನೆಯವರಿಗೆ ಒಂದು ಫೋಟೊ, ನಾಲ್ಕು ಸಾಲು ಕಳಿಸಿ, ಬೀಗ ಹಾಕಲು ಐದು. ಮುಂದಿನ ಮನೆಗೆ ಹೋಗಲು ಹತ್ತು. ಒಂದು ನಾಯಿಗೆ 50 ನಿಮಿಷ, ಹನ್ನೆರಡಕ್ಕೆ ಹತ್ತು ಗಂಟೆ. ಮೂಸುತ್ತ ನಡೆದರೂ ಪ್ರತಿ ಸಲ ಒಂದೂವರೆಯಿಂದ ಎರಡು ಕಿಲೋಮೀಟರ್ ಆಗುತ್ತದೆ. ದಿನಕ್ಕೆ 18ರಿಂದ 24 ಕಿಲೋಮೀಟರ್, ವಾರಕ್ಕೆ ಐದಾರು ದಿನ, ಮಳೆಯಲ್ಲೂ. ಮೂರನೇ ವಾರಕ್ಕೆ ಹಿಮ್ಮಡಿ ಮಾತಾಡುತ್ತದೆ.

ಅದಕ್ಕಿಂತ ದೊಡ್ಡ ಅಡ್ಡಿ ಗಡಿಯಾರ. ಹೊರಗೆ ದುಡಿಯಲು ಹೋಗುವವರಿಗೆ ವಾಕಿಂಗ್‌ನವರು ಬೇಕಾಗುವುದು ಹೆಚ್ಚಾಗಿ ನಡುಹಗಲಲ್ಲಿ, ಹನ್ನೊಂದರಿಂದ ಮೂರರ ಒಳಗೆ. ನಾಲ್ಕು ಗಂಟೆಯನ್ನು 50 ನಿಮಿಷದಿಂದ ಭಾಗಿಸಿದರೆ ನಾಲ್ಕು ನಾಯಿ, ಮನೆಗಳು ಅಕ್ಕಪಕ್ಕ ಇದ್ದರೆ ಐದು. ಬೆಳಿಗ್ಗೆ ಒಂದು, ಸಂಜೆ ಒಂದು ಸೇರಿಸಿ ದಿನಕ್ಕೆ ಆರು ಎನ್ನಿ. ತಿಂಗಳಿಗೆ 22 ದಿನ, 132 ನಡಿಗೆ. ಅದರಲ್ಲೂ ಮನೆಯವರು ಊರಿಗೆ ಹೋಗುತ್ತಾರೆ, ನಾಯಿಗೆ ಹುಷಾರಿರುವುದಿಲ್ಲ, ನಿಮಗೂ ಜ್ವರ ಬರುತ್ತದೆ. ಹತ್ತಕ್ಕೆ ಎಂಟು ನಡೆದರೆ ಒಳ್ಳೆಯದು ಎಂದು ಎಣಿಸಿದರೆ ಉಳಿಯುವುದು 105. ನಿಮ್ಮ ಮನಸ್ಸಿನಲ್ಲಿದ್ದದ್ದು 264. ತಿಂಗಳಿಗೆ ಬೇಕಾದ ಹಣಕ್ಕೆ ಓಡಾಟದ ಖರ್ಚು, ವಿಮೆ, ಚಪ್ಪಲಿ ಬೂಟು, ತೆರಿಗೆ ಎಲ್ಲ ಕೂಡಿಸಿ 105ರಿಂದ ಭಾಗಿಸಿ. ಬರುವುದೇ ನಿಮ್ಮ ಕನಿಷ್ಠ ದರ. ನೀವಂದುಕೊಂಡಿದ್ದಕ್ಕಿಂತ ಎರಡೂವರೆ ಪಟ್ಟು. ನಿಮ್ಮ ಸುತ್ತಲಿನವರು ಅಷ್ಟು ಕೊಡುತ್ತಾರೆಯೇ ಎಂಬುದೇ ರಾಜೀನಾಮೆಯ ಪ್ರಶ್ನೆಗೆ ಅರ್ಧ ಉತ್ತರ. ಪಕ್ಕದ ಮನೆಯವರಿಗೆ ಹೇಳಿದ ಸಲಿಗೆಯ ದರದಲ್ಲಿ ಹೊಸಬರನ್ನು ಸೇರಿಸಿಕೊಳ್ಳಬೇಡಿ, ಆಮೇಲೆ ಏರಿಸುವುದು ಕಷ್ಟ.

ಎರಡು ನಿಯಮ ಮೊದಲ ದಿನದಿಂದ ಇರಲಿ. ನಡೆದು 15 ನಿಮಿಷದಾಚೆಗಿನ ಮನೆ ಒಪ್ಪಬೇಡಿ; ಒಂದು ದೂರದ ನಾಯಿ ಎರಡು ಹತ್ತಿರದ ನಾಯಿಗಳ ಹೊತ್ತು ತಿನ್ನುತ್ತದೆ. ಬೇಡವೆನ್ನಲು ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು, ಬಾಗಿಲಿಗೆ ಬಂದ ಮೇಲೆ ಹೇಳಿದರೆ ಪೂರ್ತಿ ಹಣ. ಬರೆದು ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಮೂರನೇ ಸಲಕ್ಕೆ ಜಗಳವಾಗುತ್ತದೆ.

ಒಟ್ಟಿಗೆ ನಾಲ್ಕೈದು ಹಿಡಿಯುವ ಮಾತು. 1960ರ ದಶಕದ ನ್ಯೂಯಾರ್ಕಿನಲ್ಲಿ ಇದನ್ನು ಒಂದು ವೃತ್ತಿಯಾಗಿ ಕಟ್ಟಿದವರೆಂದು ಹೆಸರಾದ ಜಿಮ್ ಬಕ್ ನಾಯಿಗಳ ಹಿಂಡನ್ನೇ ನಡೆಸುತ್ತಿದ್ದರು, ನಿಜ. ಆ ಚಿತ್ರ ಎಲ್ಲರ ಕಣ್ಣಲ್ಲೂ ಕೂತುಬಿಟ್ಟಿದೆ. ಆದರೆ 25 ಕಿಲೋ ತೂಗುವ ನಾಲ್ಕು ನಾಯಿ ಎಂದರೆ ನೂರು ಕಿಲೋ, ನಿಮಗಿಂತ ಹೆಚ್ಚು. ಅದರಲ್ಲೊಂದು ಕಕ್ಕ ಮಾಡಿತು, ನೀವು ಬಗ್ಗಿದಿರಿ, ನಾಲ್ಕು ಲೀಶ್ ಒಂದೇ ಕೈಯಲ್ಲಿ. ಆಗಲೇ ಬೆಕ್ಕು ದಾಟುವುದು. ಇನ್ನೊಂದು ಅಪಾಯ ಹೊಸಬರಿಗೆ ಹೊಳೆಯುವುದಿಲ್ಲ: ಆಚೆ ಬೊಗಳುವ ನಾಯಿಯನ್ನು ತಲುಪಲಾಗದ ಸಿಟ್ಟನ್ನು ನಾಯಿ ಪಕ್ಕದಲ್ಲಿರುವ ಗೆಳೆಯನ ಮೇಲೆ, ಇಲ್ಲವೇ ನಿಮ್ಮ ಕಾಲಿನ ಮೇಲೆ ತೀರಿಸಿಕೊಳ್ಳುತ್ತದೆ. ಮೊದಲ ವರ್ಷ ಒಂದೊಂದೇ ನಾಯಿ, ಒಂದೇ ಮನೆಯವಾದರೆ ಎರಡು. ಬೇರೆ ಮನೆಯ ಎರಡನ್ನು ಜೋಡಿಸಲೇಬೇಕೆಂದರೆ ಇಬ್ಬರು ಬೇಕು: ಯಾರ ಮನೆಯೂ ಅಲ್ಲದ ಜಾಗದಲ್ಲಿ, ಐದು ಮೀಟರ್ ಅಂತರ ಇಟ್ಟು, ಒಂದೇ ದಿಕ್ಕಿಗೆ ಸಮಾನಾಂತರವಾಗಿ ನಡೆಸಿ, ದಿನದಿಂದ ದಿನಕ್ಕೆ ಅಂತರ ಕಡಿಮೆ ಮಾಡುವುದು. ಕಚ್ಚಾಡಿಕೊಂಡರೆ ಬೆಲ್ಟಿಗೆ ಕೈ ಹಾಕಬೇಡಿ, ಆ ಹೊತ್ತಿನಲ್ಲಿ ಕೈ ಯಾರದೆಂದು ನಾಯಿಗೆ ಗೊತ್ತಿರುವುದಿಲ್ಲ. ನೀರು ಸುರಿಯಿರಿ, ನಡುವೆ ಬ್ಯಾಗು ತೂರಿಸಿ, ಥಟ್ಟನೆ ಕೊಡೆ ಬಿಚ್ಚಿ.

ಕಟ್ಟಿರದ ನಾಯಿ ಎದುರು ಬಂದಾಗಲೂ ಕೊಡೆ ಉಪಯೋಗಕ್ಕೆ ಬರುತ್ತದೆ. ದೂರದಲ್ಲಿ ಕಂಡ ಕೂಡಲೇ ದೊಡ್ಡ ಬಿಲ್ಲಿನಾಕಾರದಲ್ಲಿ ಸುತ್ತಿ ಹೋಗುವುದು ಮೊದಲ ಉಪಾಯ. ಹತ್ತಿರ ಬಂದೇಬಿಟ್ಟರೆ ನಿಮ್ಮ ನಾಯಿಯನ್ನು ಹಿಂದೆ ಮಾಡಿಕೊಂಡು, ಒಂದು ಮುಷ್ಟಿ ತಿಂಡಿಯನ್ನು ಎದುರು ಬಂದ ನಾಯಿಯ ಮೂತಿಯ ಮುಂದೆ ಚೆಲ್ಲಿ, ಅದು ಹೆಕ್ಕುತ್ತಿರುವಾಗ ಓಡದೆ ಹೊರಟುಹೋಗಿ. ನಿಮ್ಮ ನಾಯಿಯ ಲೀಶ್ ಬಿಡುವುದು, ಅದು ಎಷ್ಟೇ ಹೇಳಿದ ಮಾತು ಕೇಳಲಿ, ಎಂದೂ ಇಲ್ಲ.

ಮೊದಲ ಭೇಟಿ, ಕಾಗದ, ಬೀಗದ ಕೈ

ಹೊಸ ಮನೆಯನ್ನು ಒಪ್ಪುವ ಮೊದಲು ಎರಡು ಸಲ ಹೋಗಿ. ಮೊದಲ ಸಲ ಮನೆಯವರ ಜೊತೆ ಕೂತು ಮಾತು. ಎರಡನೇ ಸಲ ಅವರು ಹೊರಗೆ ನಿಂತಿರಲಿ, ನೀವೇ ಬೀಗ ತೆಗೆದು ಒಳಗೆ ಹೋಗಿ. ಸೋಫಾ ಮೇಲೆ ನಿಮ್ಮ ಮಡಿಲಲ್ಲಿ ಮಲಗಿದ್ದ ನಾಯಿ ಮನೆಯವರಿಲ್ಲದಾಗ ಬಾಗಿಲಲ್ಲಿ ಹಲ್ಲು ತೋರಿಸಬಹುದು, ಅದು ಆಗ ಮನೆ ಕಾಯುತ್ತಿರುತ್ತದೆ. ಆ ಸತ್ಯ ಮನೆಯವರು ಹತ್ತಿರವಿರುವಾಗಲೇ ಗೊತ್ತಾಗಲಿ.

"ಕಚ್ಚುತ್ತದೆಯೇ?" ಎಂದು ಕೇಳಬೇಡಿ, "ಛೇ, ಇಲ್ಲಪ್ಪ" ಎಂಬ ಉತ್ತರ ಸಿದ್ಧವಿರುತ್ತದೆ. ಊಟದ ಬಟ್ಟಲು ಮುಟ್ಟಿದರೆ ಏನು ಮಾಡುತ್ತದೆ, ಉಗುರು ಕತ್ತರಿಸುವಾಗ ಹೇಗಿರುತ್ತದೆ, ಮಲಗಿದ್ದಾಗ ಬೆಲ್ಟು ಹಿಡಿದರೆ ಏನಾಗುತ್ತದೆ, ಸಿಡಿಲಿಗೆ ಪಟಾಕಿಗೆ ಎಲ್ಲಿ ಅಡಗುತ್ತದೆ ಎಂದು ಕೇಳಿ. ಬರೆದಿಟ್ಟುಕೊಳ್ಳಬೇಕಾದ್ದು: ಲಸಿಕೆಯ ದಿನಾಂಕ, ಔಷಧಿ, ಆಗದ ತಿಂಡಿ, ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆ, ಪಶುವೈದ್ಯರ ಫೋನ್. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಾಲಿದೆ: ಮನೆಯವರು ಫೋನಿಗೆ ಸಿಗದಿದ್ದರೆ ಎಷ್ಟು ಖರ್ಚಿನವರೆಗೆ ಚಿಕಿತ್ಸೆ ಮಾಡಿಸಬಹುದು, ಅದರಾಚೆಗೆ ಯಾರನ್ನು ಕೇಳಬೇಕು. ಆ ಸಾಲು, ಕೆಳಗೆ ಸಹಿ ಇಲ್ಲದಿದ್ದರೆ ಆಸ್ಪತ್ರೆಯ ಮುಂದೆ ನೀವು ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಬೀಗದ ಕೈಗೆ ಹೆಸರು, ವಿಳಾಸ, ನಾಯಿಯ ಹೆಸರು ಯಾವುದೂ ಬೇಡ, ನಿಮಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆ ಸಾಕು. 16 ವಾರ ದಾಟದ, ಲಸಿಕೆಯ ಸರಣಿ ಮುಗಿಯದ ಮರಿಯನ್ನು ಬೇರೆ ನಾಯಿಗಳು ಓಡಾಡುವ ನೆಲದಲ್ಲಿ ನಡೆಸಬೇಡಿ. ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಿಮ್ಮ ಬೂಟಿನಲ್ಲಿ ಕೂತು ಮನೆಯಿಂದ ಮನೆಗೂ ಹೋಗುತ್ತದೆ. ಕೆಮ್ಮುವ, ಭೇದಿಯಾಗುತ್ತಿರುವ ನಾಯಿಯನ್ನು ಅಂದು ಬಿಟ್ಟುಬಿಡಿ. ಬಿಡಲಾಗದಿದ್ದರೆ ಆ ದಿನದ ಕೊನೆಯ ನಾಯಿ ಅದಾಗಲಿ.

ಬಿಸಿಲು, ಹೊಟ್ಟೆ, ಹಲ್ಲು

ನಾಯಿಯ ಮೈಬಿಸಿ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಅಂಗಾಂಗಗಳು ಸೋಲಲು ಶುರು. ಅದು ಬೆವರುವುದು ಹೆಚ್ಚುಕಮ್ಮಿ ಪಾದದಲ್ಲಿ ಮಾತ್ರ, ಉಳಿದ ಬಿಸಿಯೆಲ್ಲ ತೇಕಿನಲ್ಲೇ ಹೊರಗೆ ಹೋಗಬೇಕು. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂತಿಯವಕ್ಕೆ ಅದೂ ಸರಿಯಾಗಿ ಆಗುವುದಿಲ್ಲ; ಬಿಸಿಲಿನ ದಿನ ಅವಕ್ಕೆ ನೆರಳಲ್ಲಿ ಹತ್ತು ನಿಮಿಷ ಸಾಕು, ಮನೆಯವರು ಅರ್ಧ ಗಂಟೆಯ ಹಣ ಕೊಟ್ಟಿದ್ದರೂ. ಉಳಿದ ಇಪ್ಪತ್ತು ನಿಮಿಷ ಒಳಗೆ ತಿಂಡಿ ಹುಡುಕುವ ಆಟ ಆಡಿಸಿ. ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ತೇಕು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಕೆಂಪೇರಿ, ನಡಿಗೆ ತೂರಾಡಿದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಮೊದಲು ತಣಿಸುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು. ಚೇತರಿಸಿಕೊಂಡಂತೆ ಕಂಡರೂ ಹೋಗಬೇಕು.

ಎದೆಗೂಡು ಆಳವಿರುವ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥವಕ್ಕೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ. ಊಟವಾಗಿ ಒಂದೆರಡು ಗಂಟೆ ಓಡಾಟ ಬೇಡ. ವಾಂತಿಗೆ ಒತ್ತರಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ಡೋಲಿನಂತಾಗಿದೆ ಎಂದರೆ ಸಂಜೆವರೆಗೆ ನೋಡೋಣ ಎನ್ನುವಂತಿಲ್ಲ, ಆ ಕ್ಷಣವೇ ಪಶುವೈದ್ಯರ ಬಳಿ ಹೋಗಿ. ಗಂಡುನಾಯಿ ಕಾಲೆತ್ತಿ ಕಾಲೆತ್ತಿ ಮುಕ್ಕರಿದರೂ ಉಚ್ಚೆ ಬಾರದಿದ್ದರೂ ಅಷ್ಟೇ ತುರ್ತು. ಮಲ ಟಾರಿನಂತೆ ಕಪ್ಪಾಗಿದ್ದರೆ, ರಕ್ತವಿದ್ದರೆ ಫೋಟೊ ತೆಗೆದು ಕಳಿಸಿ. ಮನೆಯವರು ಮುಖ ಸಿಂಡರಿಸಬಹುದು, ವೈದ್ಯರಿಗೆ ಅದೇ ಬೇಕು.

ಕಚ್ಚಿಸಿಕೊಳ್ಳದೆ ಈ ವೃತ್ತಿಯಲ್ಲಿ ಬಹುಕಾಲ ಇರುವುದು ಕಷ್ಟ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಅದೇ ದಿನ ವೈದ್ಯರನ್ನು ನೋಡಬೇಕು, ನಾಯಿಗೆ ಲಸಿಕೆ ಆಗಿದೆ ಎಂದು ಮನೆಯವರು ಹೇಳಿದರೂ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕೆಲಸ ಶುರು ಮಾಡುವ ಮೊದಲೇ ಮುಂಜಾಗ್ರತೆಯ ರೇಬಿಸ್ ಲಸಿಕೆ, ಟೆಟನಸ್ ಎರಡನ್ನೂ ವೈದ್ಯರೊಡನೆ ಮಾತಾಡಿ ಹಾಕಿಸಿಕೊಳ್ಳಿ. ಮುಂಚೆ ಹಾಕಿಸಿದ್ದರೂ ಕಚ್ಚಿದ ಮೇಲೆ ಮತ್ತೆ ಚುಚ್ಚುಮದ್ದು ಬೇಕು.

ಸರ್ಟಿಫಿಕೇಟ್, ವಿಮೆ, ರಾಜೀನಾಮೆ

ಸರ್ಟಿಫಿಕೇಟ್ ತೋರಿಸಿದ್ದಕ್ಕೆ ಯಾರೂ ಬೀಗದ ಕೈ ಕೊಡುವುದಿಲ್ಲ, ಇನ್ನೊಂದು ಮನೆಯವರು ಹೇಳಿದರೆ ಕೊಡುತ್ತಾರೆ. ದುಡ್ಡು ಹಾಕುವುದಿದ್ದರೆ ನಾಯಿಗಳ ಪ್ರಥಮ ಚಿಕಿತ್ಸೆಯ ಕೋರ್ಸಿಗೆ ಹಾಕಿ, ಅದು ಒಂದೆರಡು ದಿನದ ಕೆಲಸ. ನಾಯಿಯ ದೇಹಭಾಷೆ ಕಲಿಸುವ, ಹೊಡೆಯದೆ ತರಬೇತಿ ಕೊಡುವವರ ಬಳಿ ಕೆಲ ವಾರ ಸಹಾಯಕರಾಗಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಎಷ್ಟು ನಾಯಿ ಹಿಡಿಯಬಹುದು, ಪರವಾನಗಿ ಬೇಕೇ ಎಂಬುದು ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಸ್ಥಳೀಯ ಆಡಳಿತದಲ್ಲಿ ಕೇಳಿಕೊಳ್ಳಿ.

ವಿಮೆ ಮಾಡಿಸುವಾಗ ಒಂದು ಸೂಕ್ಷ್ಮವಿದೆ. ನಾಯಿ ದಾರಿಹೋಕರಿಗೆ ಕಚ್ಚಿದರೆ ಪರಿಹಾರ ಕೊಡುವುದು ಒಂದು ಬಗೆ. ನಿಮ್ಮ ವಶದಲ್ಲಿದ್ದ ನಾಯಿಗೇ ಪೆಟ್ಟಾದರೆ, ಕಳೆದುಹೋದರೆ ಕೊಡುವುದು ಇನ್ನೊಂದು ಬಗೆ, ಹಲವು ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ. ನಿಮಗೆ ಎರಡೂ ಬೇಕು, ಬೀಗದ ಕೈ ಕಳೆದರೆ ಬೀಗ ಬದಲಿಸುವ ಖರ್ಚೂ ಸೇರಿದ್ದರೆ ಒಳ್ಳೆಯದು. ಒಟ್ಟಿಗೆ ಎಷ್ಟು ನಾಯಿಯವರೆಗೆ ಎಂಬ ಮಿತಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ನಿಮ್ಮ ಮುಂದೆ ಮೂರು ದಾರಿ. ಈಗಲೇ ಕೆಲಸ ಬಿಟ್ಟರೆ ಹೊತ್ತೆಲ್ಲ ಸಿಗುತ್ತದೆ, ಆದರೆ ಕೈಯಲ್ಲಿರುವುದು ಎರಡು ನಾಯಿ; ತಿಂಗಳ ಕೊನೆ ಬಂದಾಗ ಒಪ್ಪಬಾರದ ನಾಯಿಯನ್ನೂ ಒಪ್ಪುತ್ತೀರಿ, ಅಪಘಾತ ಅಲ್ಲಿಂದ ಬರುತ್ತದೆ. ಕೆಲಸದಲ್ಲಿದ್ದುಕೊಂಡೇ ಬೆಳಿಗ್ಗೆ, ಸಂಜೆ, ವಾರಾಂತ್ಯ ಮಾಡಿದರೆ ಹಣಕ್ಕೆ ಧೈರ್ಯ, ಆದರೆ ನಡುಹಗಲಿನ ಬೇಡಿಕೆ ನಿಮ್ಮ ಕೈಗೆ ಸಿಗುವುದಿಲ್ಲ, ಮೈಯೂ ಎರಡು ಕಡೆ ಸವೆಯುತ್ತದೆ. ಈಗಾಗಲೇ ನಡೆಸುತ್ತಿರುವ ಯಾರದಾದರೂ ಬಳಿ ರಜೆಯ ದಿನಗಳಲ್ಲಿ ಬದಲಿಯಾಗಿ ಹೋದರೆ ಆದಾಯ ಕಡಿಮೆ, ಆದರೆ ನಿಮ್ಮ ಕೈಯಲ್ಲಿ ಬೇರೆ ಬೇರೆ ನಾಯಿ ಓಡಾಡುತ್ತವೆ. ನನ್ನ ಸಲಹೆ ಎರಡನೆಯದೂ ಮೂರನೆಯದೂ ಸೇರಿ ಆರು ತಿಂಗಳು. ನಡುಹಗಲಿಗೆ ನಾಲ್ಕು ಮನೆ ಕನಿಷ್ಠ ದರಕ್ಕೆ ಬರೆದು ಒಪ್ಪಿದ ಮೇಲೆ, ಮೂರು ತಿಂಗಳ ಖರ್ಚು ಪಕ್ಕಕ್ಕಿಟ್ಟು ರಾಜೀನಾಮೆ ಬರೆಯಿರಿ. ಅಷ್ಟರಲ್ಲಿ ಮಳೆಗಾಲವೊಂದು ಕಳೆದಿದ್ದರೆ ಇನ್ನೂ ಒಳ್ಳೆಯದು.

ಆದರೆ ಇದೆಲ್ಲ ನಾಳೆಯ ಮಾತು. ಇವತ್ತಿನ ಕೆಲಸ ಬೇರೆಯೇ ಇದೆ. ಮೇಲಿನ ಮಹಡಿಗೆ ಹೋಗಿ ನಡೆದದ್ದನ್ನು ಹೇಳಿ. ಅದು ಅವರ ನಾಯಿ, ಸ್ಕೂಟರಿಗೆ ಹೆದರುತ್ತದೆ ಎಂಬುದೂ ಬೆಲ್ಟು ಸಡಿಲ ಎಂಬುದೂ ಅವರಿಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಭಾನುವಾರ ಅವರ ಕೈಯಿಂದಲೇ ಕಳಚಿಕೊಳ್ಳುತ್ತದೆ, ಆಗ ಹತ್ತು ನಿಮಿಷದಲ್ಲಿ ಸಿಗದೆ ಹೋಗಬಹುದು. ಸುತ್ತಿಬಳಸದೆ ಹೀಗೆ ಹೇಳಿದರೆ ಸಾಕು: "ಹೋದ ವಾರ ಗೇಟಿನ ಹತ್ತಿರ ಸ್ಕೂಟರಿಗೆ ಹೆದರಿ ಬೆಲ್ಟಿನಿಂದ ತಲೆ ಕಳಚಿಕೊಂಡಿತ್ತು. ಹತ್ತು ನಿಮಿಷದಲ್ಲಿ ಸಿಕ್ಕಿತು, ಪೆಟ್ಟಾಗಿಲ್ಲ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ನನ್ನ ತಪ್ಪು. ಇನ್ನು ಮುಂದೆ ಹಾರ್ನೆಸ್‌ಗೂ ಬೆಲ್ಟಿಗೂ ಎರಡು ಕೊಂಡಿ ಹಾಕಿಯೇ ಕರೆದುಕೊಂಡು ಹೋಗುತ್ತೇನೆ, ಅಳತೆ ನೋಡಲು ಈಗ ಐದು ನಿಮಿಷ ಕೊಡುತ್ತೀರಾ?" ಅವರು ಬೇಡವೆಂದರೆ ಒಂದು ನಾಯಿ ಹೋಯಿತು. ಬಾಗಿಲು ತೆರೆದು ಬೀಗಲನ್ನು ಕರೆದರೆ, ಎರಡು ಬೆರಳು ಒಳಗೆ ಹಾಕಿ ಅಳತೆ ನೋಡಿ.